ಒಂದು ಗೇಣು ದಪ್ಪದ ಗೋಡೆ

"ಗೋಡೆ ಕುರ್ಚಿಯನ್ನ ಅರ್ಧ ನುಂಗಿದೆ, ಮಾವ."

ಹೆಬ್ಬಾಗಿಲ ಹೊಸ್ತಿಲ ಮೇಲೆ ಟೇಪಮ್ಮ ಒಂದು ಕಣ್ಣು ಮುಚ್ಚಿಕೊಂಡು ನಿಂತಿದ್ದಳು. ಹೆತ್ತವರು ಇಟ್ಟ ಹೆಸರು ಬೇರೆ. ಸದಾ ಸೊಂಟಕ್ಕೆ ಅಳತೆಯ ಟೇಪು ಸಿಕ್ಕಿಸಿಕೊಂಡು ಓಡಾಡುವುದನ್ನು ನೋಡಿ ಗ್ಯಾಲರಿಯವರು ಇಟ್ಟ ಹೆಸರು ಇದು. ಅದೇ ನಿಂತುಬಿಟ್ಟಿತ್ತು.

"ಯಾವ ಕುರ್ಚಿ? ಅದು ಮೊನ್ನೆಯೇ ಮಾಯವಾಯ್ತಲ್ಲೇ," ಎಂದರು ಮಾವ. ಪೊಲೀಸ್ ಕೆಲಸದಿಂದ ನಿವೃತ್ತರಾದವರು. ಅಕ್ಕನ ಮಗಳ ತಲೆಗೆ ಕಳ್ಳತನದ ಅಪವಾದ ಬಂತೆಂದು ಕೇಳಿ, ಮಂಡಿನೋವನ್ನೂ ಲೆಕ್ಕಿಸದೆ ಬಂದು, ಚಿತ್ರಗಳು ಬಂದಿಳಿದ ಮರದ ಪೆಟ್ಟಿಗೆಯೊಂದರ ಮೇಲೆ ಠಿಕಾಣಿ ಹೂಡಿದ್ದರು.

"ಅದರ ಜಾಗ ಹೇಳ್ತಿದ್ದೀನಿ. ಬನ್ನಿ, ನನ್ನ ಎತ್ತರಕ್ಕೆ ಬಗ್ಗಿ ನೋಡಿ."

"ಬಗ್ಗಿದ್ರೆ ಎತ್ತೋಕೆ ನಾಲ್ಕು ಜನ ಬೇಕು. ಬಾಯಲ್ಲೇ ಹೇಳು."

ಹೇಳುವುದಕ್ಕೆ ಇದ್ದದ್ದು ಇಷ್ಟೇ. ಬಾಗಿಲಲ್ಲಿ ನಿಂತವರಿಗೆ ಹಜಾರದ ಉದ್ದಕ್ಕೂ ಹಾದು, ಕಟ್ಟಕಡೆಯ ಗೋಡೆಯ ಮೇಲೆ ಒಂದೇ ಒಂದು ಚಿತ್ರ ಕಾಣಬೇಕು: 'ಖಾಲಿ ಕುರ್ಚಿ'. ಅದು ಕಂಡರೆ ಜನ ಒಳಗೆ ಬರುತ್ತಾರೆ, ಅದರ ಹತ್ತಿರ ಹೋಗುವ ದಾರಿಯಲ್ಲಿ ಉಳಿದ ಚಿತ್ರಗಳನ್ನು ನೋಡುತ್ತಾರೆ. ಟೇಪಮ್ಮ ತನ್ನ ಮೊದಲ ಪ್ರದರ್ಶನವನ್ನು ಆ ಒಂದು ನೋಟದ ಸುತ್ತ ಕಟ್ಟಿದ್ದಳು. ರಟ್ಟಿನಲ್ಲಿ ಹಜಾರದ ಪುಟ್ಟ ಮಾದರಿ ಮಾಡಿ, ಅದರ ಬಾಗಿಲಿಗೆ ಕಣ್ಣಿಟ್ಟು, ಎಷ್ಟು ಸಲ ನೋಡಿದ್ದಳೋ.

ಈಗ ಚಿತ್ರ ಇರಬೇಕಾದಲ್ಲಿ ಅಷ್ಟೇ ಅಳತೆಯ ಕಂದು ಕಾಗದ ಅಂಟಿಕೊಂಡಿತ್ತು. ಚಿತ್ರ ಏರಿಸುವ ಮುಂಚೆ ಹೀಗೆ ಕಾಗದ ಕತ್ತರಿಸಿ ಅಂಟಿಸಿ ಜಾಗ ನೋಡುವುದು ಈ ಕೆಲಸದ ರೂಢಿ. ಬೇರೆಲ್ಲ ಕಡೆ ಕಾಗದ ಹೋಗಿ ಚಿತ್ರ ಬಂದಿತ್ತು. ಇಲ್ಲಿ ಕಾಗದವೇ ಉಳಿದಿತ್ತು.

ಅದಕ್ಕೆ ಕಾರಣ ಊರಿಗೆಲ್ಲ ಗೊತ್ತಿತ್ತು: ಬೀಗ ಹಾಕಿದ ಉಗ್ರಾಣದಿಂದ ಚಿತ್ರ ಕಾಣೆಯಾಗಿತ್ತು, ಬೀಗದಕೈ ಇದ್ದದ್ದು ಟೇಪಮ್ಮನ ಕೊರಳಲ್ಲಿ.

"ಹೊರಗೆ ಹೋಗೋ ಪ್ರತಿ ಚೀಲ, ಪ್ರತಿ ಡಬ್ಬ ಬಾಗಿಲಲ್ಲಿ ತೆಗೆಸಿ ನೋಡ್ತಿದ್ದಾರೆ," ಎಂದು ಮಾವ ನೂರನೇ ಸಲ ಅದನ್ನೇ ಮೆಲುಕು ಹಾಕಿದರು. "ಅಂದ್ಮೇಲೆ ಚಿತ್ರ ಇಲ್ಲೇ ಇರಬೇಕು. ಇಲ್ಲಿ ನಾನು ಮೂಗು ತೂರಿಸದ ಜಾಗ ಒಂದೂ ಇಲ್ಲ. ಕೊನೆಗೆ ಗ್ಯಾಲರಿ ಒಡತಿಯ ಛತ್ರಿ ಕೂಡ ಬಿಚ್ಚಿ ನೋಡಿದೆ."

"ಆ ಅಡ್ಡಗೋಡೆ ನೋಡಿ ಮಾವ. ಅದರ ಅಂಚು ಕಾಗದದ ಎಡಗಡೆ ಮುಚ್ತಿದೆ. ನನ್ನ ಮಾದರೀಲಿ ಹಾಗಿಲ್ಲ."

ಹಜಾರದ ನಡುವೆ ಉದ್ದಕ್ಕೆ ನಿಂತದ್ದು ಪ್ರದರ್ಶನಕ್ಕೆಂದೇ ಕಟ್ಟಿದ ಗೋಡೆ. ಮರದ ಚೌಕಟ್ಟು, ಎರಡೂ ಮೈಗೆ ಪ್ಲೈವುಡ್ಡು, ಮೇಲೆ ಬಿಳಿ ಬಣ್ಣ. ಅದಕ್ಕೂ ಬಲಗಡೆಯ ಕಂಬಕ್ಕೂ ನಡುವಿನ ದಾರಿಯಲ್ಲೇ ನೋಟ ಹಾಯಬೇಕಿತ್ತು. ಇಷ್ಟು ದಿನ ಆ ದಾರಿಯಲ್ಲಿ ಏಣಿ, ಡಬ್ಬ, ಹಳೇ ಬಟ್ಟೆಯ ರಾಶಿ. ಇವತ್ತು ಬೆಳಿಗ್ಗೆ ಗುಡಿಸಿ ತೆಗೆದ ಮೇಲೇ ಅವಳ ಕಣ್ಣಿಗೆ ಇದು ಬಿದ್ದದ್ದು.

"ಅದಾ?" ಹಿಂದಿನಿಂದ ಮೇಷ್ಟ್ರು ಮೆಲ್ಲಗೆ ನಕ್ಕರು. ಕಾಲೇಜಿನಲ್ಲಿ ಪ್ರದರ್ಶನ ಕಟ್ಟುವ ವಿದ್ಯೆಯನ್ನು ಅವಳಿಗೆ ಕೈಹಿಡಿದು ಕಲಿಸಿದವರು. ಚಿತ್ರ ಕಳುವಾದಾಗಲೂ ಗದರದೆ ಸಮಾಧಾನ ಹೇಳಿದ್ದು ಅವರೊಬ್ಬರೇ. "ಅಳತೆ ತಪ್ಪಿದೆ ಮಗು. ಮೊದಲ ಪ್ರದರ್ಶನದಲ್ಲಿ ಎಲ್ಲರಿಗೂ ತಪ್ಪುತ್ತೆ. ಒಪ್ಪಿಕೊಂಡ್ರೆ ಮನಸ್ಸು ಹಗುರಾಗುತ್ತೆ. ಇದನ್ನೂ, ಅದನ್ನೂ."

"ಅದನ್ನೂ ಅಂದ್ರೆ?" ಎಂದರು ಮಾವ.

"ನಾನೇನೂ ಹೇಳಲಿಲ್ಲ ಸ್ವಾಮಿ," ಎಂದು ಮೇಷ್ಟ್ರು ಕನ್ನಡಕ ಒರೆಸುತ್ತಾ ಒಡತಿಯ ಕೋಣೆಯತ್ತ ನಡೆದರು.

ಟೇಪಮ್ಮನಿಗೂ ತನ್ನ ಅಳತೆಯ ಮೇಲೆ ಅನುಮಾನ ಬಂತು. ತಪ್ಪಿರಲೂಬಹುದು. ಗಾಬರಿಯಲ್ಲಿ ಏನಾದರೂ ಆಗಿರಬಹುದು. ಅವಳು ಗೋಡೆಯ ಬುಡಕ್ಕೆ ಹೋಗಿ ಮಂಡಿಯೂರಿದಳು. ಗೋಡೆ ಎಲ್ಲಿ ನಿಲ್ಲಬೇಕೆಂದು ನೆಲದ ಮೇಲೆ ಬಿಳಿ ಪಟ್ಟಿ ಅಂಟಿಸಿದ್ದಳು, ಈ ಕಡೆ ಒಂದು, ಆ ಕಡೆ ಒಂದು.

ಆ ಕಡೆ ಗೋಡೆ ಪಟ್ಟಿಯ ಮೇಲೆ ನೂಲು ಹಿಡಿದಂತೆ ಕೂತಿತ್ತು.

ಈ ಕಡೆ ಪಟ್ಟಿಯೇ ಇರಲಿಲ್ಲ. ಗೋಡೆಯ ಅಡಿಯಿಂದ ಅದರ ತುದಿ ಮಾತ್ರ ನಾಲಗೆಯ ಹಾಗೆ ಚಾಚಿಕೊಂಡಿತ್ತು.

ಸರಿದಿದ್ದರೆ ಎರಡೂ ಕಡೆ ಸರಿಯಬೇಕಿತ್ತು. ಗೋಡೆ ಸರಿದಿರಲಿಲ್ಲ. ದಪ್ಪವಾಗಿತ್ತು!

ಟೇಪು ಹಿಡಿಯುವ ವ್ಯವಧಾನವೂ ಇಲ್ಲದೆ ಅವಳು ಗೋಡೆಯ ಅಂಚಿಗೆ ಅಂಗೈ ಇಟ್ಟಳು. ನಾಲ್ಕು ಬೆರಳಿನ ಗೋಡೆ ಅವಳು ನಕ್ಷೆಯಲ್ಲಿ ಬಿಡಿಸಿಕೊಟ್ಟದ್ದು. ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಚಾಚಿದ ಕೈ ಸರಿಯಾಗಿ ಕೂತಿತು. ಪೂರಾ ಒಂದು ಗೇಣು.

"ಮಾವ," ಎಂದಳು ಪಿಸುದನಿಯಲ್ಲಿ. "ನಾಲ್ಕು ಬೆರಳಿನ ಗೋಡೆಯೊಳಗೆ ಚೌಕಟ್ಟು ಹಾಕಿದ ಚಿತ್ರ ಇಳಿಯಲ್ಲ. ಇದರೊಳಗೆ ಧಾರಾಳವಾಗಿ ಇಳಿಯುತ್ತೆ."

ಮಾವ ಪೆಟ್ಟಿಗೆಯ ಮೇಲಿಂದ ಎದ್ದ ವೇಗಕ್ಕೆ ಅವರ ಮಂಡಿಗಳಿಗೇ ಆಶ್ಚರ್ಯವಾಗಿರಬೇಕು. "ಸುತ್ತಿಗೆ ಎಲ್ಲಿದೆ?"

"ಬೇಡ."

"ಬೇಡ ಅಂದ್ರೆ? ಒಡತಿ ಸಂಜೆ ಪ್ರದರ್ಶನ ಶುರುವಾಗೋದ್ರೊಳಗೆ ನಿನ್ನ ಹೆಸರು ಗೋಡೆಯಿಂದ ಕೀಳಿಸ್ತಿದ್ದಾಳೆ ಕಣೇ! ನೋಡಲ್ಲಿ."

ನಿಜವಾಗಿತ್ತು. ಬಾಗಿಲ ಪಕ್ಕದ ಗೋಡೆಯಲ್ಲಿ ಪ್ರದರ್ಶನದ ಶೀರ್ಷಿಕೆ, ಅದರ ಕೆಳಗೆ 'ಸಂಯೋಜನೆ, ವಿನ್ಯಾಸ' ಎಂದು ಅವಳ ಹೆಸರು. ಗ್ಯಾಲರಿಯ ದೀಪಗಳನ್ನು ನೋಡಿಕೊಳ್ಳುವ ಲೈಟಿನವನು ಬ್ಲೇಡು ಹಿಡಿದು, ಮುಖ ಹುಳ್ಳಗೆ ಮಾಡಿಕೊಂಡು, ಅಕ್ಷರ ಅಕ್ಷರವಾಗಿ ಕೀಳುತ್ತಿದ್ದ. ಚಿತ್ರ ಕಳೆದವಳ ಹೆಸರು ತನ್ನ ಗೋಡೆಯ ಮೇಲಿದ್ದರೆ ಇನ್ನು ಯಾರೂ ತನಗೆ ಚಿತ್ರ ಕೊಡುವುದಿಲ್ಲ ಎಂದು ಒಡತಿ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದಳು. ಗ್ಯಾಲರಿಯ ಗೋಡೆಯಿಂದ ಇಳಿದ ಹೆಸರನ್ನು ಬೇರೆ ಯಾವ ಗ್ಯಾಲರಿ ಏರಿಸುತ್ತದೆ? ಓದು ಮುಗಿಯುವ ಮುಂಚೆಯೇ ಕಸುಬು ಮುಗಿದ ಹಾಗೆ.

"ಈಗ ಗೋಡೆ ಒಡೆದ್ರೆ ಚಿತ್ರ ಸಿಗುತ್ತೆ, ಹೆಸರು ಸಿಗಲ್ಲ ಮಾವ," ಎಂದಳು. "ಗೋಡೆಯ ನಕ್ಷೆ ಬಿಡಿಸಿದವಳು ನಾನು. ನಾನೇ ಇಟ್ಟು, ಹೆದರಿ ನಾನೇ ತೆಗೆದೆ ಅಂತಾರೆ. ಇಟ್ಟವನ ಬಾಯಿಂದಲೇ ಬರಬೇಕು."

ಮಾವ ಅವಳನ್ನು ಮೇಲಿಂದ ಕೆಳಗೆ ನೋಡಿದರು. "ಇಷ್ಟು ದಿನ ಎಲ್ಲಿ ಇಟ್ಕೊಂಡಿದ್ದೆ ಈ ತಲೆನ?"

"ಅತ್ತು ಅತ್ತು ಮಂಕಾಗಿತ್ತು."

"ಸರಿ. ಬರೆದಿಟ್ಕೋ, ಈ ಚಿತ್ರಗಳನ್ನ ಬರೆದ ಚಿತ್ರಗಾರ್ತಿಯ ಮಗನದೇ ಈ ಕೆಲಸ. ಫೋನು ಕಿವಿಗೆ ಅಂಟಿಕೊಂಡೇ ಹುಟ್ಟಿದ್ದಾನೆ. ಅಮ್ಮನ ಚಿತ್ರ ಕೊಳ್ಳೋರ ಜೊತೆ ಬೆಳಗಿಂದ ಗುಸುಗುಸು."

ಟೇಪಮ್ಮ ನೇರ ಲೈಟಿನವನ ಹತ್ತಿರ ಹೋಗಿ, ಅವನ ಕಿವಿಯಲ್ಲಿ ಏನೋ ಹೇಳಿದಳು. ಅವನು ಬ್ಲೇಡನ್ನು ಕೆಳಗೆ ಹಾಕಿದ. ಹುಳ್ಳಗಿದ್ದ ಮುಖದಲ್ಲಿ ನಗು ಬಂತು.

*

ಎಲ್ಲರೂ ಗೋಡೆಯ ಮುಂದೆ ಸೇರಿದರು. ಒಡತಿ ಕೈಕಟ್ಟಿಕೊಂಡು ನಿಂತಳು. ಚಿತ್ರಗಾರ್ತಿಯ ಮಗ ಫೋನನ್ನು ಎದೆಗೆ ಒತ್ತಿಕೊಂಡು "ಎರಡೇ ನಿಮಿಷ, ಅಮ್ಮನ್ನ ಕರ್ಕೊಂಡು ಬರೋಕೆ ಹೋಗಬೇಕು" ಎಂದ. ಮೇಷ್ಟ್ರು ಬಾಗಿಲ ಕಡೆಯ ತುದಿಯಲ್ಲಿದ್ದರು.

"ಮೇಡಂ, ಖಾಲಿ ಜಾಗಕ್ಕೆ ಬೇರೆ ಚಿತ್ರ ಹಾಕು ಅಂದ್ರಲ್ಲ," ಎಂದಳು ಟೇಪಮ್ಮ. "ಆ ಕೊನೆ ಗೋಡೆ ಹಾಗೇ ಇರಲಿ. ಆ ದೊಡ್ಡ ಸಂತೆಯ ಚಿತ್ರ ಇಲ್ಲಿ, ಈ ಅಡ್ಡಗೋಡೆಗೆ ಹಾಕ್ತೀನಿ. ಭಾರ ಜಾಸ್ತಿ. ಉದ್ದ ಬೋಲ್ಟು, ಈ ಮೈಯಿಂದ ಆ ಮೈಗೆ ಆರಪಾರ."

"ಏನಾದ್ರೂ ಮಾಡಿ ಮುಗಿಸು," ಎಂದಳು ಒಡತಿ.

ಟೇಪಮ್ಮ ಪೆನ್ಸಿಲ್ಲಿನಿಂದ ಗೋಡೆಯ ಬಲತುದಿಯಲ್ಲಿ ಒಂದು ಗುರುತು ಹಾಕಿದಳು. ಲೈಟಿನವನು ಡ್ರಿಲ್ ಹಿಡಿದು ಬಂದ. ಮಗ ಗೋಡೆಯ ಕಡೆ ತಿರುಗಿಯೂ ನೋಡದೆ ಫೋನಿನಲ್ಲಿ ಏನೋ ಒತ್ತುತ್ತಿದ್ದ. ಮಾವನ ಮುಖ ಸ್ವಲ್ಪ ಇಳಿಯಿತು.

"ಇಲ್ಲಿ ಬೇಡ," ಎಂದು ತಾನೇ ಅಳಿಸಿ, ಟೇಪಮ್ಮ ಗೋಡೆಯ ನಡುವಿಗೆ ಬಂದು ಮತ್ತೊಂದು ಗುರುತು ಹಾಕಿದಳು. "ಇಲ್ಲಿ."

"ಅಲ್ಲಿ ಬೆಳಕು ಸಾಲದು ಮಗು," ಎಂದರು ಮೇಷ್ಟ್ರು. "ಮೊದಲಿನ ಜಾಗವೇ ಚೆನ್ನಾಗಿತ್ತು."

"ಭಾರದ ಚಿತ್ರ ಗೋಡೆಯ ನಡುವೆ ಇರಬೇಕು ಅಂತ ನೀವೇ ಹೇಳಿಕೊಟ್ಟಿದ್ದು ಸರ್."

"ಎಲ್ಲಾ ಸಲ ಅಲ್ಲ. ಸ್ವಲ್ಪ ಪಕ್ಕಕ್ಕಿದ್ರೆ ಒಂದು ಸೊಗಸು ಇರುತ್ತೆ."

"ಹಾಗಾದ್ರೆ ಸ್ವಲ್ಪ ಕೆಳಗೆ ಹಾಕ್ತೀನಿ." ಅವಳು ಒಂದು ಮೊಳ ಕೆಳಗೆ, ಎದೆಯ ಮಟ್ಟಕ್ಕೆ, ದಪ್ಪನೆಯ ಗುರುತು ಎಳೆದಳು. "ಅಣ್ಣ, ಹಾಕಿ. ಜೋರಾಗಿ ಒತ್ತಿ, ಆ ಕಡೆ ಹೊರಗೆ ಬರಬೇಕು."

ಡ್ರಿಲ್ ಗುಂಯ್ ಎಂದಿತು. ಲೈಟಿನವನು ಅದನ್ನು ಎರಡೂ ಕೈಯಲ್ಲಿ ಮುಚ್ಚಿ ಹಿಡಿದು ಗೋಡೆಯತ್ತ ಬಾಗಿದ.

"ನಿಲ್ಲಿಸು!"

ಮೇಷ್ಟ್ರು ಓಡಿಬಂದಿದ್ದರು. ಆ ವಯಸ್ಸಿನವರು ಹಾಗೆ ಓಡುವುದನ್ನು ಅಲ್ಲಿ ಯಾರೂ ನೋಡಿರಲಿಲ್ಲ. ಪೆನ್ಸಿಲಿನ ಗುರುತಿನ ಮೇಲೆ ತಮ್ಮ ಅಂಗೈ ಅಗಲಿಸಿ ಇಟ್ಟು, ಡ್ರಿಲ್ಲಿಗೆ ಮೈಯೊಡ್ಡಿ ನಿಂತರು.

ಡ್ರಿಲ್ ನಿಂತಿತು. ಲೈಟಿನವನು ಅದನ್ನು ಎತ್ತಿ ಎಲ್ಲರಿಗೂ ತೋರಿಸಿದ. ಮುಂದೆ ಕೊರೆಯುವ ಮೊಳೆಯೇ ಇರಲಿಲ್ಲ.

"ಬರೀ ಸದ್ದು ಸಾರ್," ಎಂದ. "ಟೇಪಮ್ಮ ಅಷ್ಟೇ ಸಾಕು ಅಂದ್ರು."

ಒಡತಿ ಕಟ್ಟಿದ್ದ ಕೈ ಬಿಟ್ಟು ಮುಂದೆ ಬಂದಳು. "ಮೇಷ್ಟ್ರೇ, ಆ ಗೋಡೆಯೊಳಗೆ ಏನಿದೆ?"

ಮೇಷ್ಟ್ರು ಅಂಗೈ ತೆಗೆಯಲಿಲ್ಲ.

"ನಾನು ಹೇಳ್ಲಾ ಸರ್?" ಎಂದಳು ಟೇಪಮ್ಮ. "ಒಳಗೆ ಲೈಟಿನ ವೈರು ಎಳೀಬೇಕಿತ್ತು ಅಂತ ಹಿಂದಿನ ಹಲಗೆಯ ಮೇಲಿನ ಅರ್ಧ ಹಾಕದೆ ಬಿಟ್ಟಿದ್ವಿ. ಮೊನ್ನೆ ನೀವು 'ಊಟಕ್ಕೆ ಹೋಗು, ಹಲಗೆ ನಾನು ಮುಚ್ಚಿಸ್ತೀನಿ' ಅಂದ್ರಿ. ಅದಕ್ಕೆ ಮುಂಚೆ ಸ್ಟೂಲು ತರಬೇಕು ಅಂತ ಉಗ್ರಾಣದ ಬೀಗದಕೈ ಇಸ್ಕೊಂಡ್ರಿ. ನಾನು ಕೊರಳಿಂದ ಬಿಚ್ಚಿ ಕೊಟ್ಟೆ."

"ಇದನ್ನ ನನಗೆ ಮೊದಲೇ ಹೇಳೋಕೆ ಏನಾಗಿತ್ತು ನಿನಗೆ?" ಎಂದರು ಮಾವ.

"ಬೀಗದಕೈ ಬೇರೆಯವರ ಕೈಗೆ ಹೋಗಿತ್ತಾ ಅಂತ ಕೇಳಿದ್ರಿ. ಮೇಷ್ಟ್ರು ಅಂದ್ರೆ 'ಬೇರೆಯವರು' ಅಂತ ನನಗೆ ಅನ್ನಿಸಲೇ ಇಲ್ಲ ಮಾವ."

ಆ ಮಾತಿಗೆ ಮೇಷ್ಟ್ರ ತಲೆ ಬಗ್ಗಿತು.

"ಪ್ರದರ್ಶನ ಮುಗಿದ ಮೇಲೆ ಈ ಗೋಡೆಯ ಮರವನ್ನೆಲ್ಲ ಕಾಲೇಜಿಗೆ ಸಾಗಿಸ್ತೀನಿ ಅಂತ ಒಪ್ಪಿಗೆ ತಗೊಂಡಿದ್ರಿ," ಎಂದಳು ಒಡತಿ ನಿಧಾನವಾಗಿ, ಒಂದೊಂದೇ ಎಳೆ ಕೂಡಿಸುತ್ತಾ. "ನಾನು, ಎಷ್ಟು ಒಳ್ಳೆಯವರಪ್ಪಾ ಅಂದ್ಕೊಂಡೆ."

"ಮಾರೋಕಲ್ಲ," ಎಂದರು ಮೇಷ್ಟ್ರು. ಚಿತ್ರಗಾರ್ತಿಯ ಮಗನತ್ತ ಕೈ ತೋರಿಸಿದರು. "ಇವನು ಕೊಳ್ಳೋರನ್ನ ಗೊತ್ತು ಮಾಡಿದ್ದಾನೆ. ಯಾರದೋ ಮನೆಯ ಊಟದ ಕೋಣೆಗೆ ಹೋಗುತ್ತೆ ಅದು, ಮತ್ತೆ ಯಾರ ಕಣ್ಣಿಗೂ ಬೀಳಲ್ಲ. ಜೀವಮಾನವೆಲ್ಲ ಬೇರೆಯವರ ಚಿತ್ರ ನೇತುಹಾಕೋದು ಕಲಿಸಿದೆ. ಒಂದನ್ನ ನನ್ನ ಕೋಣೇಲಿ ಇಟ್ಕೊಂಡು, ಬೆಳಿಗ್ಗೆ ಎದ್ದು ನೋಡ್ಬೇಕು ಅನ್ನಿಸ್ತು. ಅಷ್ಟೇ."

ಟೇಪಮ್ಮನಿಗೆ ಅಯ್ಯೋ ಅನ್ನಿಸಿತು. ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

"ಚಿತ್ರದ ಆಸೆ ನನಗೆ ಅರ್ಥವಾಗುತ್ತೆ ಸರ್. ಒಂದು ತೂತು ಬೀಳುತ್ತೆ ಅಂದಾಗ ಓಡಿಬಂದು ಅಡ್ಡ ನಿಂತ್ರಿ. ನನ್ನ ಹೆಸರು ಕೀಳ್ತಿದ್ರಲ್ಲ, ಆಗ ಕನ್ನಡಕ ಒರೆಸಿಕೊಂಡು ಹೋದ್ರಿ."

ಮಾವ ಮೇಷ್ಟ್ರ ತೋಳಿಗೆ ಕೈ ಹಾಕಿದರು, ಒರಟಾಗೇನೂ ಅಲ್ಲ. "ಬನ್ನಿ. ಒಡತಿಯ ಕೋಣೇಲಿ ಕೂತು ಸಮಾಧಾನವಾಗಿ ಮಾತಾಡೋಣ. ಸ್ಟೇಷನ್ನಿನವರು ಬರೋತನಕ ನನ್ನ ಮಂಡಿಗೂ ಒಂದು ಕುರ್ಚಿ ಬೇಕು."

ಹೋಗುತ್ತಾ ಮೇಷ್ಟ್ರು ತಿರುಗಿ ಏನೋ ಅಂದರು. ಗೋಡೆ ದಪ್ಪ ಮಾಡಿಸಿದ್ದು ತಾವಲ್ಲವೆಂದೋ, ಒಳಗೆ ಜಾಗವಿದ್ದದ್ದನ್ನು ಕಂಡ ಮೇಲೇ ಆ ಬುದ್ಧಿ ಬಂತೆಂದೋ. ಟೇಪಮ್ಮನಿಗೆ ಕೇಳುವ ವ್ಯವಧಾನವಿರಲಿಲ್ಲ. ಲೈಟಿನವನು ಹಿಂದಿನ ಹಲಗೆಯ ತಿರುಪುಗಳನ್ನು ಬಿಚ್ಚುತ್ತಿದ್ದ.

ಮೇಲಿನ ಅರ್ಧ ಹಲಗೆ ಕಳಚಿ ಬಂತು. ಬೂದುಬಣ್ಣದ ಬಟ್ಟೆಯಲ್ಲಿ ಸುತ್ತಿದ ಚಿತ್ರವನ್ನು ಅವಳು, ತೊಟ್ಟಿಲಿನಿಂದ ಮಗು ಎತ್ತುವ ಹಾಗೆ, ಎತ್ತಿ ತೆಗೆದಳು. ಬಟ್ಟೆ ಸರಿಸಿದಳು.

ಕಿಟಕಿ. ಮಧ್ಯಾಹ್ನದ ಹಳದಿ ಬಿಸಿಲು. ಯಾರೋ ಈಗಷ್ಟೇ ಎದ್ದುಹೋದಂತಿದ್ದ ಬೆತ್ತದ ಕುರ್ಚಿ. ಒಂದು ಗೀರೂ ಬಿದ್ದಿರಲಿಲ್ಲ.

ಒಡತಿ ಸದ್ದಿಲ್ಲದೆ ಬಾಗಿಲ ಕಡೆ ಹೋದಳು. ಕಿತ್ತ ಅಕ್ಷರಗಳು ಹರಿದು ಮುದುರಿದ್ದವು, ಮತ್ತೆ ಅಂಟುವಂತಿರಲಿಲ್ಲ. ಅವಳು ಸಣ್ಣ ಕುಂಚವೊಂದನ್ನು ಕಪ್ಪು ಬಣ್ಣದಲ್ಲಿ ಅದ್ದಿ, ನಾಲಗೆ ಕಚ್ಚಿಕೊಂಡು, ಟೇಪಮ್ಮನ ಹೆಸರನ್ನು ತನ್ನ ಕೈಯಿಂದಲೇ ಬರೆದಳು. ಮೊದಲಿಗಿಂತ ದೊಡ್ಡದಾಗಿ.

"ಮೇಡಂ, ಶೀರ್ಷಿಕೆಗಿಂತ ನನ್ನ ಹೆಸರೇ ದೊಡ್ಡದಾಯ್ತು. ಇದು ವಿನ್ಯಾಸಕ್ಕೆ ಹೊಂದಲ್ಲ."

"ಬಾಯ್ಮುಚ್ಕೊಂಡಿರು. ಕ್ಷಮೆ ಕೇಳೋಕೆ ನನಗೆ ಬರಲ್ಲ, ಬರೆಯೋಕೆ ಬರುತ್ತೆ."

ಗೋಡೆಯ ದಪ್ಪ ಇಳಿಸಲು ಈಗ ಸಮಯವಿರಲಿಲ್ಲ. ಟೇಪಮ್ಮ ಬಾಗಿಲಲ್ಲಿ ಮತ್ತೆ ಒಂದು ಕಣ್ಣು ಮುಚ್ಚಿ ನಿಂತು, ಕೊನೆಯ ಗೋಡೆಯ ಹತ್ತಿರ ಕಾಗದ ಹಿಡಿದಿದ್ದ ಲೈಟಿನವನಿಗೆ ಕೂಗಿ ಹೇಳಿದಳು: "ಅಣ್ಣ, ಬಲಕ್ಕೆ. ಇನ್ನೂ. ಸಾಕು!" ಅಲ್ಲೇ ಕೊಕ್ಕೆ ಹೊಡೆಸಿದಳು. ಚಿತ್ರ ಏರಿತು. ಒಂದು ದೀಪ ಉಳಿಸಿ ಉಳಿದದ್ದನ್ನು ತಗ್ಗಿಸಿದಳು.

ಹಜಾರದ ಆ ತುದಿಯಲ್ಲಿ ಬಿಸಿಲು ಬಿದ್ದ ಹಾಗಾಯಿತು.

*

ಬಾಗಿಲು ತೆರೆದಾಗ ಜನ ಮೆಟ್ಟಿಲಿನ ಕೆಳಗಿನವರೆಗೂ ನಿಂತಿದ್ದರು. ಕಳುವಾದ ಚಿತ್ರ ಸಿಕ್ಕ ಸುದ್ದಿ ಆಗಲೇ ಹರಡಿತ್ತು.

ಚಿತ್ರಗಾರ್ತಿ ಅಜ್ಜಿಯನ್ನು ಮಗ ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಬಂದ. ಹೊಸ್ತಿಲಲ್ಲಿ ಅಜ್ಜಿ ಕೈಯೆತ್ತಿ ತಡೆದರು. ಅಲ್ಲಿಂದಲೇ ನೋಡಿದರು.

"ಹತ್ತಿರದಿಂದ ನೋಡ್ಲಿ ಅಂತ ನಾನಿದನ್ನ ಬರೆದಿರಲಿಲ್ಲ," ಎಂದರು ಅಜ್ಜಿ ಕೊನೆಗೆ. "ದೂರದಿಂದಲೇ ಕಾಣಬೇಕು ಅಂತ ಇತ್ತು. ಯಾರಿಗೂ ಹೇಳಿರಲಿಲ್ಲ. ಯಾರಮ್ಮ ಇದನ್ನ ಇಲ್ಲಿ ಹಾಕಿದ್ದು?"

ಒಡತಿ ಟೇಪಮ್ಮನ ಬೆನ್ನಿಗೆ ಕೈಯಿಟ್ಟು ಮುಂದಕ್ಕೆ ನೂಕಿದಳು. ಅಜ್ಜಿ ಅವಳ ಎರಡೂ ಕೈ ಹಿಡಿದುಕೊಂಡರು. ಮೊದಲು ಲೈಟಿನವನು ಚಪ್ಪಾಳೆ ಹೊಡೆದ, ಆಮೇಲೆ ಎಲ್ಲರೂ. ಟೇಪಮ್ಮನಿಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ನೋಡಿದ ಕಡೆಯೆಲ್ಲ ಜನ ತಾನು ಎಣಿಸಿದ ದಾರಿಯಲ್ಲೇ ನಡೆಯುತ್ತಿದ್ದರು, ತಾನು ಎಣಿಸಿದಲ್ಲೇ ನಿಲ್ಲುತ್ತಿದ್ದರು.

ಗುಂಪಿನಲ್ಲಿ ಅವಳ ಅಮ್ಮ ಇದ್ದಳು! ಮಗಳು ಚಿತ್ರಕಲೆ ಓದುತ್ತೇನೆ ಎಂದಾಗಿನಿಂದ ಕಾಲೇಜಿನ ಗೇಟನ್ನೂ ದಾಟದವಳು, ಇವತ್ತು ಯಾರೂ ಕರೆಯದೆ ಬಂದು, ಹಣೆ ಎತ್ತಿ ನಿಂತು, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದಳು. ಅಜ್ಜಿಯ ದೃಷ್ಟಿ ಅಮ್ಮನ ಮುಖದ ಮೇಲೆ ಒಂದು ಗಳಿಗೆ ಹೆಚ್ಚೇ ನಿಂತಿತು. ಟೇಪಮ್ಮ ಖುಷಿಯಲ್ಲಿ ಅದನ್ನು ಗಮನಿಸಿಯೂ ಗಮನಿಸಲಿಲ್ಲ.

ಆಗ ಅಡ್ಡಗೋಡೆಯ ಮರೆಯಿಂದ ಮಾವ ಬೆರಳು ಮಡಿಸಿ ಕರೆದರು.

"ನಿಮ್ಮ ಮೇಷ್ಟ್ರು ಸುಳ್ಳು ಹೇಳಿಲ್ಲ ಕಣೇ," ಎಂದರು ತಗ್ಗಿದ ದನಿಯಲ್ಲಿ. "ಬಡಗಿಗೆ ಫೋನ್ ಮಾಡಿದ್ದೆ. ಗೋಡೆ ದಪ್ಪ ಕಟ್ಟಿ ಅಂತ ಹೇಳಿದ್ದು ಒಬ್ಬ ಹೆಂಗಸಂತೆ. ಪ್ರದರ್ಶನ ಮಾಡ್ತಿರೋ ಹುಡುಗಿಯ ಮನೆಯಿಂದ ಮಾತಾಡ್ತಿದ್ದೀನಿ, ಅವಳೇ ಹೇಳಿದ್ದು, ಅಂದಳಂತೆ. ಗೋಡೆಯೊಳಗೆ ಕೆಳಗಡೆ ಇಡು ಅಂತ ಒಂದು ಕಟ್ಟನ್ನೂ ಕಳಿಸಿದ್ದಳಂತೆ."

"ನಮ್ಮನೆಯಿಂದನಾ?"

"ಅದಕ್ಕೇ ಬಂದು ಹಲಗೆಯ ಕೆಳಗಿನ ಅರ್ಧವೂ ಬಿಚ್ಚಿದೆ. ಇದು ಸಿಕ್ತು."

ಅಡ್ಡಪಟ್ಟಿಯ ಕೆಳಗೆ, ನೆಲಕ್ಕೆ ತಾಗಿ, ಇನ್ನೊಂದು ಕಟ್ಟು ಇತ್ತು. ಹಳೆಯ ಹೊದಿಕೆಯಲ್ಲಿ ಸುತ್ತಿ, ಹಗ್ಗ ಬಿಗಿದದ್ದು. ಟೇಪಮ್ಮ ಕೂತು ಗಂಟು ಬಿಚ್ಚಿದಳು.

ಅದೇ ಕಿಟಕಿ. ಅದೇ ಹಳದಿ ಬಿಸಿಲು. ಅದೇ ಬೆತ್ತದ ಕುರ್ಚಿ, ಅದೇ ಕೈಬರಹದ ಸಹಿ. ಇದರಲ್ಲಿ ಕುರ್ಚಿ ಖಾಲಿ ಇರಲಿಲ್ಲ. ಹಣೆ ಎತ್ತಿ, ನೇರ ನೋಡುತ್ತಾ, ಒಬ್ಬ ಹುಡುಗಿ ಕೂತಿದ್ದಳು.

ಕನ್ನಡಿ ನೋಡಿಕೊಂಡ ಹಾಗಾಯಿತು ಅವಳಿಗೆ. ಅದೇ ಹುಬ್ಬು, ಅದೇ ಗದ್ದ. ಆದರೆ ಸಹಿಯ ಕೆಳಗಿದ್ದ ಇಸವಿಯಲ್ಲಿ ಟೇಪಮ್ಮ ಇನ್ನೂ ಹುಟ್ಟಿರಲಿಲ್ಲ.

"ಮಾವ... ಇದು ಅಮ್ಮ ಅಲ್ವಾ?"

ಊರಿನ ಕಳ್ಳರನ್ನೆಲ್ಲ ಕಣ್ಣಲ್ಲಿ ಕಣ್ಣಿಟ್ಟು ಪ್ರಶ್ನೆ ಕೇಳಿದ ಮನುಷ್ಯ ಅವಳ ಮುಖ ನೋಡಲಿಲ್ಲ. ಹೊದಿಕೆಯನ್ನು ಎಳೆದು ಚಿತ್ರದ ಮೇಲೆ ಹೊದಿಸಿದರು. ಗೋಡೆಯ ಆ ಬದಿಯಲ್ಲಿ ಚಪ್ಪಾಳೆ ಇನ್ನೂ ನಿಂತಿರಲಿಲ್ಲ.

"ಇದನ್ನ ಸುಟ್ಟುಹಾಕಿದೆ ಅಂತ," ಎಂದರು ಮಾವ, "ಅಕ್ಕ ನನ್ನ ಕೈ ಹಿಡಿದು ಆಣೆ ಮಾಡಿದ್ದಳು."